ಇಬ್ರಾಹೀಮ್ ರೋಜಾ: ಕಲ್ಲಿನಲ್ಲಿ ಕಟ್ಟಿದ ಪ್ರೀತಿ, ಬಾಳಿನಲ್ಲಿ ತೀರಿಸಬೇಕಾದ ಋಣ

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಯಾವುದಾದರೂ ಮುಸ್ಲಿಮ್ ಮನೆಗೆ ಹೋಗಿ ನೋಡಿ. ನಡುಮನೆಯ ಕಪಾಟಿನಲ್ಲಿ, ಬಳಸದೆ ಜೋಡಿಸಿಟ್ಟ ಪಿಂಗಾಣಿ ಬಟ್ಟಲುಗಳ ಪಕ್ಕದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಬಿಳಿ ತಾಜ್ ಮಹಲ್ ಇದ್ದೇ ಇರುತ್ತದೆ. ನಿಕಾಹ್‌ನ ದಿನ ಯಾರೋ ಬಂಧು ಕೊಟ್ಟ ಕಾಣಿಕೆ ಅದು. ಅದನ್ನು ಕೊಟ್ಟವರಿಗೂ ಪಡೆದವರಿಗೂ ಒಂದೇ ಭಾವನೆ: ಗಂಡ ಹೆಂಡತಿಯನ್ನು ಪ್ರೀತಿಸಿದರೆ ಹೀಗೆ ಪ್ರೀತಿಸಬೇಕು.

ಪ್ರಿಯ ಓದುಗರೇ, ಆ ಗಾಜಿನ ಪೆಟ್ಟಿಗೆಯಲ್ಲಿರುವುದು ಒಂದು ಗೋರಿಯ ಪ್ರತಿಕೃತಿ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಹೊಸ ಬಾಳಿನ ಹೊಸ್ತಿಲಲ್ಲಿ ನಿಂತ ದಂಪತಿಗಳ ಕೈಗೆ ನಾವು ಗೋರಿಯೊಂದನ್ನು ಕೊಟ್ಟು ಹರಸುತ್ತೇವೆ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ, ನಿಜ. ಆದರೆ ಪ್ರೀತಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆ ಇದರಲ್ಲಿ ಅಡಗಿದೆ. ಅದನ್ನು ತಿಳಿಯಲು ಆಗ್ರಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲೇ, ಬಿಜಾಪುರದಲ್ಲಿ (ಇಂದಿನ ವಿಜಯಪುರ), ತಾಜ್ ಮಹಲ್‌ಗಿಂತಲೂ ಮೊದಲೇ ಎದ್ದು ನಿಂತ ಇಂಥದೇ ಒಂದು ಕಟ್ಟಡವಿದೆ. ಅದರ ಹೆಸರು ಇಬ್ರಾಹೀಮ್ ರೋಜಾ. ಅದರ ಹಿಂದಿರುವ ಬಾಳಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಒಂಬತ್ತು ವರ್ಷದ ಸುಲ್ತಾನ

1580ರಲ್ಲಿ ಬಿಜಾಪುರದ ಸುಲ್ತಾನ್ ಒಂದನೆಯ ಅಲೀ ಆದಿಲ್ ಶಾಹ್ ಕೊಲೆಯಾದರು. ಅವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗನಾದ ಇಬ್ರಾಹೀಮ್‌ಗೆ ಪಟ್ಟ ಕಟ್ಟಲಾಯಿತು. ಆಗ ಆ ಬಾಲಕನ ವಯಸ್ಸು ಸುಮಾರು ಒಂಬತ್ತು. ನಿಮ್ಮ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ಓದುವ ಹುಡುಗನೊಬ್ಬನಿದ್ದರೆ ಅವನನ್ನೊಮ್ಮೆ ನೋಡಿ. ಅಷ್ಟು ಸಣ್ಣ ಮಗುವಿನ ತಲೆಯ ಮೇಲೆ ಕಿರೀಟ ಬಂದು ಕುಳಿತಿತು.

ಆ ಮಗುವಿಗೆ ಆಸರೆಯಾದವರು ದೊಡ್ಡಮ್ಮ ಚಾಂದ್ ಬೀಬಿ, ಅಂದರೆ ಕೊಲೆಯಾದ ಸುಲ್ತಾನರ ವಿಧವೆ. ಅರಮನೆಯ ಸರದಾರರು ಒಬ್ಬರ ಮೇಲೊಬ್ಬರು ಅಧಿಕಾರ ಕಿತ್ತುಕೊಳ್ಳುತ್ತಿದ್ದ ಕಾಲವದು. ಕಾಮಿಲ್ ಖಾನ್ ಹೋಗಿ ಕಿಶ್ವರ್ ಖಾನ್ ಬಂದ. ಅವನು ಚಾಂದ್ ಬೀಬಿಯನ್ನೇ ಸತಾರಾ ಕೋಟೆಯಲ್ಲಿ ಸೆರೆಯಿಟ್ಟ. ಅವನ ನಂತರ ಇಖ್ಲಾಸ್ ಖಾನ್, ಆ ಮೇಲೆ ದಿಲಾವರ್ ಖಾನ್. ಸೆರೆಯಿಂದ ಹೊರಬಂದ ಆ ಮಹಿಳೆ ಮತ್ತೆ ಹುಡುಗನ ಬೆನ್ನಿಗೆ ನಿಂತರು. ಮುಂದೆ ತಮ್ಮ ತವರಾದ ಅಹ್ಮದ್‌ನಗರಕ್ಕೆ ಮರಳಿ, ಮುಘಲ್ ಸೇನೆಯನ್ನು ಕೋಟೆಯ ಗೋಡೆಯ ಮೇಲೆ ನಿಂತು ಎದುರಿಸಿದವರೂ ಅವರೇ. 1600ರಲ್ಲಿ ಅಲ್ಲಿಯೇ ಅವರ ಕೊಲೆಯಾಯಿತು.

ಇಬ್ರಾಹೀಮ್ ಸ್ವತಂತ್ರವಾಗಿ ಆಳತೊಡಗಿದ್ದು 1590ರ ಸುಮಾರಿಗೆ, ದಿಲಾವರ್ ಖಾನನ ಹಿಡಿತದಿಂದ ತಪ್ಪಿಸಿಕೊಂಡ ಮೇಲೆ. ಆ ಹೊತ್ತಿಗೆ ಅವರು ಇಪ್ಪತ್ತರ ತರುಣ. ಹತ್ತು ವರ್ಷಗಳ ಕಾಲ ಅವರು ಕಂಡದ್ದು ಪಿತೂರಿ ಮತ್ತು ರಕ್ತ. ಅವರ ಕೈಯೂ ಅದರಿಂದ ಪೂರ್ತಿ ಶುಭ್ರವಾಗಿ ಉಳಿಯಲಿಲ್ಲ. ಬೆಳಗಾವಿಯಲ್ಲಿದ್ದ ತಮ್ಮ ಇಸ್ಮಾಯೀಲ್ 1594ರಲ್ಲಿ ದಂಗೆಯೆದ್ದಾಗ ಆ ಕಥೆ ತಮ್ಮನ ಸಾವಿನಲ್ಲೇ ಮುಗಿಯಿತು. ಸಿಂಹಾಸನ ಎಂಬುದು ಒಡಹುಟ್ಟಿದವರನ್ನೂ ಉಳಿಸುವುದಿಲ್ಲ.

ಜಗದ್ಗುರು ಎನಿಸಿಕೊಂಡ ಬಾದಶಾಹ್

ಅಂಥ ಬಾಲ್ಯವನ್ನು ಕಂಡವರು ಕ್ರೂರಿಯಾಗಿ ಬೆಳೆಯಬಹುದಿತ್ತು. ಆದರೆ ಇಬ್ರಾಹೀಮ್ ಕಲೆ, ಕಾವ್ಯ, ಸಂಗೀತಗಳ ಕಡೆ ತಿರುಗಿದರು. ಇತಿಹಾಸಕಾರ ಫಿರಿಶ್ತಾ ತಮ್ಮ ದೊಡ್ಡ ಇತಿಹಾಸ ಗ್ರಂಥವನ್ನು ಬರೆದದ್ದು ಇವರ ಆಸ್ಥಾನದಲ್ಲಿ. ಪಾರ್ಸಿ ಕವಿ ಝುಹೂರಿಗೆ ಆಶ್ರಯವಿತ್ತವರೂ ಇವರೇ. ಸ್ವತಃ ದಖ್ಖನಿಯಲ್ಲಿ ‘ಕಿತಾಬೆ ನೌರಸ್’ ಎಂಬ ಗೀತೆಗಳ ಪುಸ್ತಕ ಬರೆದರು. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಆಡುವ ಆ ದಖ್ಖನಿ ಮಾತಿಗೆ ಇಷ್ಟು ಹಳೆಯ ಅರಮನೆಯ ಗೌರವವಿದೆ ಎಂಬುದು ನಮ್ಮಲ್ಲಿ ಎಷ್ಟು ಮಕ್ಕಳಿಗೆ ಗೊತ್ತು? ಆ ಪುಸ್ತಕದಲ್ಲಿ ಗುಲ್ಬರ್ಗದ ಹಝ್ರತ್ ಖ್ವಾಜಾ ಬಂದೇನವಾಝರ ಸ್ತುತಿ ಇದೆ. ಹಿಂದೂ ದೇವತೆಗಳ ಸ್ತುತಿಯೂ ಇದೆ. ಹಿಂದೂ ಪ್ರಜೆಗಳು ಅವರನ್ನು ಪ್ರೀತಿಯಿಂದ ಜಗದ್ಗುರು ಬಾದಶಾಹ್ ಎಂದು ಕರೆದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವರ ಎಲ್ಲ ನಡೆಗಳನ್ನೂ ಉಲೆಮಾಗಳು ಒಪ್ಪಲಾರರು, ನಾವೂ ಅವರನ್ನು ದೀನಿನ ಮಾದರಿಯೆಂದು ಮುಂದಿಡುತ್ತಿಲ್ಲ. ಆದರೆ ಬೇರೆ ಧರ್ಮದ ಪ್ರಜೆ ತನ್ನ ರಾಜನ ನೆರಳಿನಲ್ಲಿ ನಿರ್ಭಯವಾಗಿ ಬಾಳಿದನೆಂದರೆ ಅದು ಸಣ್ಣ ಸಂಗತಿಯಲ್ಲ. ಪ್ರಜೆಗಳ ಬಗ್ಗೆ ಆಳುವವನನ್ನು ಅಲ್ಲಾಹನು ವಿಚಾರಿಸಲಿದ್ದಾನೆ ಎಂಬುದನ್ನು ನಾವು ಬಲ್ಲೆವು. ಒಬ್ಬ ವ್ಯಕ್ತಿಯ ಒಳಿತನ್ನು ಒಳಿತೆಂದೂ ಕುಂದನ್ನು ಕುಂದೆಂದೂ ಹೇಳುವುದೇ ನ್ಯಾಯ.

ನಮ್ಮ ಬೀದರ್ ಜಿಲ್ಲೆಗೂ ಈ ಸುಲ್ತಾನರಿಗೂ ಸಂಬಂಧವಿದೆ. ಬೀದರಿನ ಬರೀದ್ ಶಾಹಿ ರಾಜ್ಯವನ್ನು 1619ರಲ್ಲಿ ಕೊನೆಗೊಳಿಸಿ ಬಿಜಾಪುರಕ್ಕೆ ಸೇರಿಸಿಕೊಂಡವರು ಇವರೇ.

ಆ ಕಾಲದಲ್ಲಿ ಅರಮನೆಯ ಮದುವೆಗಳೆಂದರೆ ರಾಜಕೀಯ ಒಪ್ಪಂದಗಳೇ. ಇಬ್ರಾಹೀಮ್ ಗೋಲ್ಕೊಂಡದ ರಾಜಕುಮಾರಿ, ಸುಲ್ತಾನ್ ಮುಹಮ್ಮದ್ ಕುಲಿಯ ಸಹೋದರಿ ಚಾಂದ್ ಸುಲ್ತಾನಾರನ್ನು ಮದುವೆಯಾದರು. ಅವರ ಸ್ವಂತ ಮಗಳೊಬ್ಬಳನ್ನು 1604ರಲ್ಲಿ ಅಕ್ಬರನ ಮಗ ದಾನಿಯಾಲನಿಗೆ ಕೊಡಬೇಕಾಯಿತು. ಮದ್ಯದ ದಾಸನಾಗಿದ್ದ ಆ ರಾಜಕುಮಾರ ಮದುವೆಯ ನಂತರ ಹೆಚ್ಚು ಕಾಲ ಬದುಕಲಿಲ್ಲ. ಆ ಹೆಣ್ಣುಮಗಳ ಕಣ್ಣೀರಿಗೆ ಯಾವ ಕಟ್ಟಡವೂ ಎದ್ದಿಲ್ಲ.

ಇಬ್ರಾಹೀಮ್‌ರಿಗೆ ಒಬ್ಬರಿಗಿಂತ ಹೆಚ್ಚು ಪತ್ನಿಯರಿದ್ದರು. ಅವರಲ್ಲಿ ಒಬ್ಬರು ತಾಜ್ ಸುಲ್ತಾನಾ. ನಮ್ಮ ಕಥೆ ಇವರದು. ಗಮನಿಸಬೇಕಾದ ಸಂಗತಿಯೆಂದರೆ, ಸುಲ್ತಾನರ ಗೀತೆಗಳಲ್ಲಿ ಬರುವ ಹೆಸರು ಚಾಂದ್ ಸುಲ್ತಾನಾರದು. ಕಟ್ಟಡದ ಮೇಲೆ ಕೆತ್ತಿದ ಹೆಸರು ತಾಜ್ ಸುಲ್ತಾನಾರದು. ಹಾಡು ಒಬ್ಬರಿಗೆ, ಗೋರಿ ಇನ್ನೊಬ್ಬರಿಗೆ. ಲೋಕ ಹೇಳುವ ಪ್ರೇಮಕಥೆಗಳು ಇಂಥ ಗಂಟುಗಳನ್ನು ಬಿಡಿಸಿ ಹೇಳುವುದಿಲ್ಲ. ಒಬ್ಬಳಿಗಿಂತ ಹೆಚ್ಚು ಪತ್ನಿಯರಿದ್ದಾಗ ನ್ಯಾಯ ಪಾಲಿಸುವುದು ಎಷ್ಟು ಕಠಿಣವೆಂದು ಪವಿತ್ರ ಕುರ್‌ಆನ್ ನಮಗೆ ಮೊದಲೇ ಎಚ್ಚರಿಸಿದೆಯಷ್ಟೆ.

ಮಕ್ಕಾ ದರ್ವಾಜಾದ ಹೊರಗೆ

ಬಿಜಾಪುರದ ಪಶ್ಚಿಮಕ್ಕೆ ಮಕ್ಕಾ ದರ್ವಾಜಾ ಇದೆ. ಅದರ ಹೊರಗೆ, ಎತ್ತರದ ಒಂದೇ ಜಗಲಿಯ ಮೇಲೆ, ಎರಡು ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. ನಾಲ್ಕು ಮೂಲೆಗಳಲ್ಲಿ ಮಿನಾರುಗಳು, ಮೇಲೆ ಮೊಗ್ಗಿನಂಥ ಗುಮ್ಮಟ. ಗೋರಿಯ ಗೋಡೆಗಳ ತುಂಬ ಅರಬಿ ಅಕ್ಷರಗಳ ಕೆತ್ತನೆ. ಕಿಟಕಿಯ ಜಾಲರಿಗಳನ್ನೂ ಅಕ್ಷರಗಳಿಂದಲೇ ಕೊರೆದಿದ್ದಾರೆ. ಬೆಳಕು ಒಳಗೆ ಬರುವುದು ಆ ಅಕ್ಷರಗಳ ಸಂದಿಯಿಂದಲೇ. ಮಸೀದಿಯ ಸೂರಿನ ಕೆಳಗೆ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ತೂಗುತ್ತಿದ್ದವು. ಒಳಗಿನ ಚೌಕ ಕೋಣೆಯ ಮೇಲಿನ ಕಲ್ಲಿನ ಚಪ್ಪಟೆ ಛಾವಣಿ ಯಾವ ಕಂಬದ ಆಸರೆಯೂ ಇಲ್ಲದೆ ನಿಂತಿದೆ. ಅದನ್ನು ಕಂಡು ಇಂದಿನ ಇಂಜಿನಿಯರುಗಳೂ ತಲೆದೂಗುತ್ತಾರೆ.

ಇದನ್ನು ಕಟ್ಟಿದವರು ಮಲಿಕ್ ಸಂದಲ್. ಅಲ್ಲಿನ ಪಾರ್ಸಿ ಶಾಸನ ಖರ್ಚನ್ನೂ ಹೇಳುತ್ತದೆ: ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ ಒಂಬೈನೂರು. ಹೊನ್ನು ಎಂದರೆ ಚಿನ್ನದ ನಾಣ್ಯ. ಬಾಗಿಲ ಮೇಲಿನ ಬರಹ ಇದನ್ನು ತಾಜ್ ಸುಲ್ತಾನಾರ ನೆನಪಿನ ಕಟ್ಟಡವೆಂದು ಕರೆದು, ಅಕ್ಷರಗಳ ಎಣಿಕೆಯಲ್ಲಿ ಹಿಜರಿ 1036 ಎಂಬ ವರ್ಷವನ್ನು ಅಡಗಿಸಿಟ್ಟಿದೆ. ನಮ್ಮ ಈಗಿನ ಲೆಕ್ಕಕ್ಕೆ ಅದು 1626-27.

ತಾಜ್ ಮಹಲ್‌ನ ಕೆಲಸ ಆರಂಭವಾದದ್ದು 1632ರಲ್ಲಿ. ಅಂದರೆ ಬಿಜಾಪುರದ ಈ ಕಟ್ಟಡ ಅದಕ್ಕೂ ಮೊದಲೇ ಮುಗಿದಿತ್ತು. ತಾಜ್ ಮಹಲ್ ಕಟ್ಟಿದವರಿಗೆ ಇದೇ ಸ್ಫೂರ್ತಿಯಾಯಿತು ಎನ್ನುವವರೂ ಇದ್ದಾರೆ.

ಮೊದಲು ಹೋದವರು ಯಾರು?

ಓದುಗರೇ, ಕಥೆಯ ತಿರುಳು ಇಲ್ಲಿದೆ. ರಾಣಿಗಾಗಿ ಎಂದು ಎದ್ದ ಗೋರಿಯೊಳಗೆ ಮೊದಲು ಹೋಗಿ ಮಲಗಿದವರು ರಾಣಿಯಲ್ಲ. ಇಬ್ರಾಹೀಮ್ ಆದಿಲ್ ಶಾಹ್ 1627ರಲ್ಲಿ ತೀರಿಕೊಂಡರು. ತಾಜ್ ಸುಲ್ತಾನಾ ಇನ್ನೂ ಆರು ವರ್ಷ ಬದುಕಿದ್ದು 1633ರಲ್ಲಿ ಕಣ್ಣು ಮುಚ್ಚಿದರು. ತಮ್ಮ ಹೆಸರನ್ನು ಹೊತ್ತ ಗೋರಿಯ ಬಾಗಿಲಲ್ಲಿ ಅವರು ಆರು ವರ್ಷ ವಿಧವೆಯಾಗಿ ಬಾಳಿದರು.

ಯಾವ ಜೀವವೂ ತಾನು ನಾಳೆ ಏನು ಗಳಿಸುವೆನೆಂದಾಗಲಿ, ಯಾವ ಮಣ್ಣಿನಲ್ಲಿ ಸಾಯುವೆನೆಂದಾಗಲಿ ಅರಿಯದು ಎಂಬುದನ್ನು ಲುಕ್ಮಾನ್ ಅಧ್ಯಾಯದ ಕೊನೆಯಲ್ಲಿ ನಾವು ಓದುತ್ತೇವೆ. ರಾಜನ ಅಪ್ಪಣೆ ಕಲ್ಲುಕುಟಿಗರ ಮೇಲೆ ನಡೆಯಿತು, ಮಲಕುಲ್ ಮೌತರ ಮೇಲೆ ನಡೆಯಲಿಲ್ಲ.

ಇಂದು ಆ ಗುಮ್ಮಟದ ಕೆಳಗೆ ಆರು ಗೋರಿಗಳಿವೆ. ತಾಜ್ ಸುಲ್ತಾನಾ, ಸುಲ್ತಾನರ ತಾಯಿ ಹಾಜಿ ಬಡೀ ಸಾಹಿಬಾ, ಇಬ್ರಾಹೀಮ್, ಮಗಳು ಝುಹ್ರಾ ಸುಲ್ತಾನಾ, ಮಕ್ಕಳಾದ ದರ್ವೇಶ್ ಪಾದಶಾಹ್ ಮತ್ತು ಸುಲೈಮಾನ್. ಜನ ಗಂಡಹೆಂಡಿರ ಪ್ರೇಮದ ಕಥೆಯನ್ನಷ್ಟೇ ಹೇಳುತ್ತಾರೆ. ಅಲ್ಲಿ ಮಲಗಿರುವುದು ಒಂದು ಕುಟುಂಬ. ಅದರಲ್ಲಿ ಹೆತ್ತವಳಿಗೂ ಜಾಗವಿದೆ. ಹಿರಿಯ ಮಗನಾಗಿದ್ದೂ ಸಿಂಹಾಸನ ದಕ್ಕದ ದರ್ವೇಶ್ ಪಾದಶಾಹ್‌ಗೂ ಜಾಗವಿದೆ. ಬದುಕಿದ್ದಾಗ ಪಟ್ಟಕ್ಕಾಗಿ ಬೇರೆಯಾದವರನ್ನು ಮಣ್ಣು ಒಂದೇ ಸಾಲಿನಲ್ಲಿ ಮಲಗಿಸಿದೆ.

ಬಾವಿಯೂ ಗೋರಿಯೂ

ಇಬ್ರಾಹೀಮ್ ರೋಜಾ ನೋಡಲು ಹೋದವರು ಸಾಮಾನ್ಯವಾಗಿ ಅಷ್ಟಕ್ಕೇ ಹಿಂದಿರುಗುತ್ತಾರೆ. ನೀವು ಹೋದರೆ ಹಾಗೆ ಮಾಡಬೇಡಿ. ಮಕ್ಕಾ ದರ್ವಾಜಾದ ಒಳಗೆ ಬಂದರೆ ಸ್ವಲ್ಪ ದೂರದಲ್ಲೇ ತಾಜ್ ಬಾವಡಿ ಇದೆ. ದೊಡ್ಡ ಕಮಾನು, ಇಕ್ಕೆಲಗಳಲ್ಲಿ ಎಂಟು ಮೂಲೆಯ ಬುರುಜುಗಳು, ಕೆಳಗೆ ಮೆಟ್ಟಿಲಿಳಿದರೆ ಬದಿಗೆ ಇನ್ನೂರು ಅಡಿಗೂ ಮಿಕ್ಕ ಚೌಕದ ನೀರಿನ ಕೊಳ. 1620ರ ಸುಮಾರಿಗೆ ಮಲಿಕ್ ಸಂದಲ್ ಇದನ್ನು ತಾಜ್ ಸುಲ್ತಾನಾರ ಹೆಸರಿನಲ್ಲಿ ಕಟ್ಟಿಸಿದರೆಂದು ಬಿಜಾಪುರದ ಜನ ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಬರದ ನಾಡಾದ ಆ ಊರಿನಲ್ಲಿ ಎಷ್ಟು ಪ್ರಯಾಣಿಕರು, ಎಷ್ಟು ಒಂಟೆ ಕುದುರೆಗಳು, ಎಷ್ಟು ಬಡ ಹೆಂಗಸರ ಕೊಡಗಳು ಅಲ್ಲಿ ತುಂಬಿರಬಹುದು! ಒಂದೇ ಹೆಸರಿಗೆ ಎರಡು ನೆನಪು: ಒಂದು ಗೋರಿ, ಒಂದು ಬಾವಿ.

ಇವೆರಡರಲ್ಲಿ ತಾಜ್ ಸುಲ್ತಾನಾರ ಕಬ್ರಿನೊಳಗೆ ಯಾವುದು ತಲುಪಿರಬಹುದು? ಹಝ್ರತ್ ಸಅದ್ ಬಿನ್ ಉಬಾದ(ರ) ತಮ್ಮ ತಾಯಿ ತೀರಿಕೊಂಡಾಗ ಅವರ ಪರವಾಗಿ ಯಾವ ದಾನ ಉತ್ತಮವೆಂದು ಪ್ರವಾದಿವರ್ಯರಲ್ಲಿ(ಸ) ಕೇಳಿದ್ದರು. ನೀರನ್ನು ಕೊಡುವುದೇ ಉತ್ತಮವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಸಅದ್(ರ) ಒಂದು ಬಾವಿ ತೋಡಿಸಿ ಅದನ್ನು ತಾಯಿಯ ಹೆಸರಿಗೆ ಬಿಟ್ಟರು. ಸತ್ತವರ ಪಾಲಿಗೆ ಹರಿಯುತ್ತಲೇ ಇರುವ ಪುಣ್ಯ ಎಂದರೆ ಅದು. ಇನ್ನೊಂದೆಡೆ, ಕಬ್ರುಗಳಿಗೆ ಗಾರೆ ಬಳಿಯುವುದನ್ನೂ ಅವುಗಳ ಮೇಲೆ ಕಟ್ಟಡ ಎಬ್ಬಿಸುವುದನ್ನೂ ಪ್ರವಾದಿವರ್ಯರು(ಸ) ತಡೆದರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದೂವರೆ ಲಕ್ಷ ಹೊನ್ನಿನ ಕೆತ್ತನೆಯನ್ನು ನಾವು ನೋಡಿ ಬೆರಗಾಗುತ್ತೇವೆ, ಕಬ್ರಿನೊಳಗಿರುವವರಿಗೆ ಅದು ಕಾಣುವುದಿಲ್ಲ. ಬಾಯಾರಿದವನೊಬ್ಬ ಕುಡಿದ ಬೊಗಸೆ ನೀರು ಮಾತ್ರ ಅಲ್ಲಾಹನ ಬಳಿ ಲೆಕ್ಕದಲ್ಲಿರುತ್ತದೆ.

ಗುಮ್ಮಟವಿಲ್ಲದ ನೆನಪು

ಹಾಗಾದರೆ ಪತ್ನಿಯನ್ನು ಪ್ರೀತಿಸುವುದು, ಅಗಲಿದವಳನ್ನು ನೆನೆಯುವುದು ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಗಂಡಹೆಂಡಿರ ನಡುವಿನ ಒಲವನ್ನೂ ಕರುಣೆಯನ್ನೂ ಅಲ್ಲಾಹನು ಅರ್ರೂಮ್ ಅಧ್ಯಾಯದಲ್ಲಿ ತನ್ನ ದೃಷ್ಟಾಂತಗಳ ಸಾಲಿನಲ್ಲಿ ಸೇರಿಸಿದ್ದಾನೆ. ಈ ಒಲವು ಹೇಗಿರಬೇಕೆಂಬುದಕ್ಕೆ ಪ್ರವಾದಿವರ್ಯರ(ಸ) ಬಾಳೇ ನಮಗೆ ಕನ್ನಡಿ.

ಹಝ್ರತ್ ಖದೀಜಾ(ರ) ತೀರಿಕೊಂಡ ಮೇಲೆ ಪ್ರವಾದಿವರ್ಯರು(ಸ) ಅವರನ್ನು ಮರೆತ ದಿನವಿರಲಿಲ್ಲ. ಮನೆಯಲ್ಲಿ ಆಡು ಕುರಿ ಕೊಯ್ದರೆ ಖದೀಜಾರ(ರ) ಗೆಳತಿಯರ ಮನೆಗಳಿಗೆ ಮಾಂಸದ ಪಾಲು ಹೋಗುತ್ತಿತ್ತು. ಅವರ ತಂಗಿ ಹಾಲಾ(ರ) ಬಾಗಿಲಲ್ಲಿ ಅನುಮತಿ ಕೇಳಿದಾಗ ಆ ದನಿಯಲ್ಲಿ ಖದೀಜಾರ(ರ) ದನಿ ಕೇಳಿ ಪ್ರವಾದಿವರ್ಯರ(ಸ) ಮನಸ್ಸು ಕಲಕಿತು. ಬದ್ರ್ ಯುದ್ಧದ ನಂತರ ಸೆರೆಯಾಳಾಗಿದ್ದ ಗಂಡನನ್ನು ಬಿಡಿಸಲು ಮಗಳು ಝೈನಬ್(ರ) ಒಂದು ಕಂಠಹಾರವನ್ನು ಕಳಿಸಿದ್ದರು. ಅದು ತಾಯಿ ಖದೀಜಾ(ರ) ಮದುವೆಯ ದಿನ ಮಗಳಿಗೆ ಹಾಕಿದ ಹಾರ. ಅದನ್ನು ಕಂಡು ಪ್ರವಾದಿವರ್ಯರ(ಸ) ಹೃದಯ ಕರಗಿತು. ಅನುಚರರ ಒಪ್ಪಿಗೆ ಕೇಳಿ ಹಾರವನ್ನು ಮಗಳಿಗೆ ಹಿಂದಿರುಗಿಸಿದರು, ಸೆರೆಯಾಳನ್ನೂ ಬಿಟ್ಟರು.

ಇಲ್ಲಿ ಗುಮ್ಮಟವಿಲ್ಲ, ಮಿನಾರಿಲ್ಲ. ಆದರೆ ಹದಿನಾಲ್ಕು ಶತಮಾನಗಳ ನಂತರವೂ ಈ ಪ್ರೀತಿಯ ಬಿಸಿ ಆರಿಲ್ಲ. ಏಕೆಂದರೆ ಇದು ಬದುಕಿದ್ದಾಗ ಇಪ್ಪತ್ತೈದು ವರ್ಷ ಜೊತೆಯಾಗಿ ಸುಖದುಃಖ ಹಂಚಿಕೊಂಡ ಪ್ರೀತಿ. ಸತ್ತ ಮೇಲೆಯೂ ಇನ್ನೊಬ್ಬರ ಮನೆಯ ಒಲೆಗೆ, ಇನ್ನೊಬ್ಬರ ಸಂಕಟಕ್ಕೆ ಆದ ಪ್ರೀತಿ.

ಕಲ್ಯಾಣಿ ಕೋಟೆಯ ಎದುರು

ಈಗ ನಮ್ಮ ಊರಿಗೆ ಬರೋಣ. ತಾಜ್ ಸುಲ್ತಾನಾರ ಮಗ ಮುಹಮ್ಮದ್ ಆದಿಲ್ ಶಾಹ್. ಗೋಲ್ ಗುಂಬಝ್ ಕಟ್ಟಿಸಿಕೊಂಡವರು ಅವರೇ. ಅವರು 1656ರಲ್ಲಿ ತೀರಿಕೊಂಡೊಡನೆ ದಖ್ಖನಿನಲ್ಲಿದ್ದ ಮುಘಲ್ ರಾಜಕುಮಾರ ಔರಂಗಝೇಬ್ ದಂಡೆತ್ತಿ ಬಂದರು. ಔರಂಗಝೇಬ್ ಯಾರು? ತಾಜ್ ಮಹಲ್‌ನಲ್ಲಿ ಮಲಗಿರುವ ಮುಮ್ತಾಝ್ ಮಹಲ್‌ರ ಮಗ. ಆ ತಾಯಿ ಹದಿನಾಲ್ಕನೆಯ ಹೆರಿಗೆಯಲ್ಲಿ, 1631ರಲ್ಲಿ, ಇದೇ ದಖ್ಖನಿನ ದಂಡಯಾತ್ರೆಯ ಬಿಡಾರವಾದ ಬುರ್ಹಾನ್‌ಪುರದಲ್ಲಿ ತೀರಿಕೊಂಡಿದ್ದರು.

ಹೀಗೆ 1657ರಲ್ಲಿ ಒಂದು ತಾಜ್‌ನ ಮಗ ಇನ್ನೊಂದು ತಾಜ್‌ನ ಮನೆತನದ ಮೇಲೆ ಯುದ್ಧಕ್ಕೆ ಬಂದು ನಿಂತರು. ಮೊದಲು ಬೀದರ್ ಕೋಟೆ ಬಿತ್ತು. ಅದನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನ್ ಮದ್ದಿನ ಬೆಂಕಿಗೆ ಸಿಕ್ಕಿ ಪ್ರಾಣ ಬಿಟ್ಟರು. ಆ ಮೇಲೆ ಮುತ್ತಿಗೆ ಬಿದ್ದದ್ದು ಕಲ್ಯಾಣಿಗೆ, ನಮ್ಮ ಇಂದಿನ ಬಸವಕಲ್ಯಾಣದ ಕೋಟೆಗೆ. ದಿಲಾವರ್ ಎಂಬ ಹಬ್ಶಿ ಸರದಾರ ತಿಂಗಳುಗಟ್ಟಲೆ ಕಾದಾಡಿ ಕೊನೆಗೆ ಆಗಸ್ಟ್‌ನಲ್ಲಿ ಕೋಟೆ ಒಪ್ಪಿಸಿದರು. ಮುಂದಿನ ವರ್ಷವೇ ಔರಂಗಝೇಬ್ ತಂದೆ ಶಾಹ್‌ಜಹಾನ್‌ರನ್ನು ಆಗ್ರಾ ಕೋಟೆಯಲ್ಲಿ ಸೆರೆಯಿಟ್ಟರು. ಪತ್ನಿಗೆ ಅಮೃತಶಿಲೆಯ ಗೋರಿ ಕಟ್ಟಿಸಿದ ಆ ಗಂಡ 1666ರಲ್ಲಿ ಸೆರೆಯಲ್ಲೇ ಸತ್ತರು. ಕೊನೆಯವರೆಗೆ ಶುಶ್ರೂಷೆ ಮಾಡಿದ್ದು ಮಗಳು ಜಹಾನ್‌ಆರಾ.

ಹೆತ್ತವರ ಪ್ರೀತಿ ಕಲ್ಲಿನಲ್ಲಿ ಅಷ್ಟು ಚೆಲುವಾಗಿ ನಿಂತಿತು, ಮಕ್ಕಳ ಎದೆಯಲ್ಲಿ ನಿಲ್ಲಲಿಲ್ಲ. ವಿಚಿತ್ರವೆಂದರೆ ಅದೇ ಔರಂಗಝೇಬ್ 1707ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಖುಲ್ದಾಬಾದಿನಲ್ಲಿ, ಮೇಲೆ ಗುಮ್ಮಟವಿಲ್ಲದ ಸರಳ ಕಬ್ರಿನಲ್ಲಿ. ಅದು ಅವರ ಇಚ್ಛೆಯೇ ಆಗಿತ್ತು.

ನಿಮ್ಮ ಮನೆಯ ತಾಜ್

ಪ್ರಿಯ ಸಹೋದರರೇ, ನಮ್ಮಲ್ಲಿ ಯಾರೂ ಒಂದೂವರೆ ಲಕ್ಷ ಹೊನ್ನು ಖರ್ಚು ಮಾಡಿ ಗೋರಿ ಕಟ್ಟಿಸುವವರಿಲ್ಲ. ಆದರೆ ನಮ್ಮಲ್ಲೂ ಒಂದು ಸಣ್ಣ ರೋಜಾ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೀವು ಇದನ್ನು ಕಂಡಿರುತ್ತೀರಿ: ಗಂಡ ತೀರಿಕೊಂಡಿದ್ದಾನೆ, ಜನಾಝಾ ಅಂಗಳದಲ್ಲಿದೆ. ಹಿರಿಯ ಹೆಂಗಸರು ವಿಧವೆಯ ಹೆಗಲು ಹಿಡಿದು ಕರೆತರುತ್ತಾರೆ. ಮಹರ್ ಮಾಫ್ ಮಾಡಿದೆನೆಂದು ಹೇಳು ಎಂದು ಕಿವಿಯಲ್ಲಿ ಹೇಳುತ್ತಾರೆ. ಅಳುತ್ತಿರುವ ಆ ಹೆಣ್ಣು ಏನು ತಾನೇ ಹೇಳಿಯಾಳು? ನಿಕಾಹ್‌ನ ದಿನ ಇಡೀ ಜಮಾಅತ್‌ನ ಮುಂದೆ ಒಪ್ಪಿಕೊಂಡ ಹಕ್ಕು ಅದು. ಇಪ್ಪತ್ತು, ಮೂವತ್ತು ವರ್ಷ ಕೊಡದೆ ಉಳಿಸಿಕೊಂಡು, ಕೊನೆಗೆ ಶವದ ಮುಂದೆ ನಿಲ್ಲಿಸಿ ಬಿಡಿಸಿಕೊಳ್ಳುತ್ತೇವೆ. ಆ ನಂತರ ನಲವತ್ತನೆಯ ದಿನದ ಊಟಕ್ಕೆ ಸಾಲ ಮಾಡಿ ಊರನ್ನೇ ಕರೆಯುತ್ತೇವೆ, ಕಬ್ರಿಗೆ ಕಲ್ಲು ಹಾಕಿಸುತ್ತೇವೆ. ಸತ್ತವರಿಗಾಗಿ ಖರ್ಚು ಮಾಡಲು ನಮ್ಮ ಕೈ ಸಡಿಲ, ಬದುಕಿರುವವಳ ಹಕ್ಕಿನ ಮುಂದೆ ಮಾತ್ರ ಬಿಗಿ.

ಮನೆಯಾಕೆಯೊಂದಿಗೆ ಉತ್ತಮನಾಗಿರುವವನೇ ಜನರಲ್ಲಿ ಉತ್ತಮನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಈ ಲೇಖನವನ್ನು ಓದಿ ಮುಗಿಸಿದ ಮೇಲೆ ನಿಮ್ಮ ನಿಕಾಹ್‌ನಾಮೆಯನ್ನೊಮ್ಮೆ ತೆಗೆದು ನೋಡಿ. ಮಹರ್ ಬಾಕಿ ಇದ್ದರೆ ಇಂದೇ ಕೊಟ್ಟುಬಿಡಿ. ಒಮ್ಮೆಗೆ ಆಗದಿದ್ದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕೊಡಿ. ಅವಳು ಕಾಯಿಲೆ ಬಿದ್ದರೆ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಅವಳ ತವರಿನವರ ಬಗ್ಗೆ ಒಳ್ಳೆಯ ಮಾತಾಡಿ. ಅವಳು ನಿಮಗಿಂತ ಮೊದಲು ಹೋದರೆ ಅವಳ ಹೆಸರಿನಲ್ಲಿ ಒಂದು ಕೊಳವೆಬಾವಿಗೋ, ಒಬ್ಬ ಬಡ ಹುಡುಗಿಯ ಓದಿಗೋ ಕೈಲಾದಷ್ಟು ಕೊಡಿ. ನೀವು ಮೊದಲು ಹೋದರೆ, ನಿಮ್ಮ ಜನಾಝಾದ ಮುಂದೆ ಅವಳು ಮಾಫ್ ಮಾಡಬೇಕಾದ ಋಣವೇನೂ ಉಳಿಯದಿರಲಿ. ದುಆ ಮಾತ್ರ ಉಳಿಯಲಿ.

ಗಾಜಿನ ಪೆಟ್ಟಿಗೆಯ ತಾಜ್ ಮಹಲ್ ಕಪಾಟಿನಲ್ಲಿ ಹಾಗೆಯೇ ಇರಲಿ, ಅದನ್ನು ಒಡೆಯಬೇಕಾಗಿಲ್ಲ. ಅದರ ಮೇಲಿನ ಧೂಳು ಒರೆಸುವಾಗಲೆಲ್ಲ ಬಿಜಾಪುರದ ಆ ವಿಧವೆ ರಾಣಿ ನಿಮಗೆ ನೆನಪಾದರೆ ಸಾಕು.

ನಮ್ಮ ಮನೆಗಳನ್ನು ಒಲವು ಮತ್ತು ಕರುಣೆಯ ಮನೆಗಳನ್ನಾಗಿ ಅಲ್ಲಾಹನು ಮಾಡಲಿ. ಆಮೀನ್.